ದಾದಿಯರ ವಿದೇಶ ವಲಸೆ: ಕಾರಣಗಳು ಹಾಗೂ ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಜಿಲ್ಲಾ ಕೇಂದ್ರವೊಂದರಲ್ಲಿ ಮೂವತ್ತು ಹಾಸಿಗೆಗಳ ನರ್ಸಿಂಗ್ ಹೋಂ ನಡೆಸುವವರನ್ನು ಅವರ ದೊಡ್ಡ ಚಿಂತೆ ಯಾವುದೆಂದು ಕೇಳಿದರೆ ಬಹುತೇಕರು ಯಂತ್ರೋಪಕರಣಗಳ ಬೆಲೆಯನ್ನಾಗಲಿ ಬ್ಯಾಂಕ್ ಸಾಲದ ಬಡ್ಡಿಯನ್ನಾಗಲಿ ಮೊದಲು ಹೇಳುವುದಿಲ್ಲ. ನುರಿತ ಸಿಸ್ಟರ್‌ಗಳು ನಿಲ್ಲುವುದಿಲ್ಲ ಎಂಬುದೇ ಅವರ ಮೊದಲ ದೂರು. ಕಾಲೇಜಿನಿಂದ ಹೊರಬಂದ ಯುವತಿ ಕೆಲಸಕ್ಕೆ ಸೇರುತ್ತಾಳೆ. ತೀವ್ರ ನಿಗಾ ಘಟಕದ ಕೆಲಸ ಕೈಗೆ ಹತ್ತುವಷ್ಟರಲ್ಲಿ ಎರಡು ವರ್ಷ ಕಳೆದಿರುತ್ತದೆ. ಅನುಭವ ಪ್ರಮಾಣಪತ್ರ ಕೈಸೇರುತ್ತಿದ್ದಂತೆ ರಾಜೀನಾಮೆ ಪತ್ರವೂ ಮೇಜಿನ ಮೇಲಿರುತ್ತದೆ. ಆಕೆ ಹೊರಟಿರುವುದು ಕುವೈತಿಗೋ ಐರ್ಲೆಂಡಿಗೋ ಜರ್ಮನಿಗೋ ಆಗಿರುತ್ತದೆ.

ಕುಶಲ ಕೆಲಸಗಾರರನ್ನು ತರಬೇತುಗೊಳಿಸಿ ಕಳೆದುಕೊಳ್ಳುವ ಈ ಸಮಸ್ಯೆ ಆಸ್ಪತ್ರೆಗಳಿಗೆ ಮಾತ್ರ ಸೀಮಿತವಲ್ಲ. ವೆಲ್ಡರ್, ಟರ್ನರ್, ಎಲೆಕ್ಟ್ರಿಷಿಯನ್‌ಗಳನ್ನು ನಂಬಿರುವ ಸಣ್ಣ ಕೈಗಾರಿಕೆಗಳೂ ಇದನ್ನು ಬಲ್ಲವು. ಆದರೆ ದಾದಿಯರ ವಲಸೆಯಷ್ಟು ಸ್ಪಷ್ಟವಾದ, ದಾಖಲೆಗಳು ಲಭ್ಯವಿರುವ ಉದಾಹರಣೆ ಮತ್ತೊಂದಿಲ್ಲ. ಆದ್ದರಿಂದ ಅದರ ಕಾರಣಗಳನ್ನು ಭಾವಾವೇಶವಿಲ್ಲದೆ ಪರಿಶೀಲಿಸುವುದು ಎಲ್ಲ ಉದ್ಯಮಿಗಳಿಗೂ ಉಪಯುಕ್ತ.

ಬೇಡಿಕೆಯ ಮೂಲ

ಯಾವುದೇ ವಲಸೆಗೆ ಎರಡು ಬಲಗಳಿರುತ್ತವೆ: ಊರಿನಿಂದ ಹೊರದೂಡುವ ಬಲ ಮತ್ತು ಹೊರಗಿನಿಂದ ಸೆಳೆಯುವ ಬಲ. ಸೆಳೆಯುವ ಬಲ ಹುಟ್ಟುವುದು ಶ್ರೀಮಂತ ರಾಷ್ಟ್ರಗಳ ಜನಸಂಖ್ಯೆಯ ಸ್ವರೂಪದಿಂದ. ಅಲ್ಲಿ ವೃದ್ಧರ ಪ್ರಮಾಣ ಏರುತ್ತಿದೆ, ದುಡಿಯುವ ವಯಸ್ಸಿನವರ ಪ್ರಮಾಣ ಇಳಿಯುತ್ತಿದೆ. ರಾತ್ರಿ ಪಾಳಿ, ದೈಹಿಕ ಶ್ರಮ ಹಾಗೂ ಮಾನಸಿಕ ಒತ್ತಡದ ಈ ವೃತ್ತಿಗೆ ಸ್ಥಳೀಯ ಯುವಜನರು ಸಾಕಷ್ಟು ಸಂಖ್ಯೆಯಲ್ಲಿ ಬರುತ್ತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿದ್ದ ದಾದಿಯರ ಸಂಖ್ಯೆ 2.98 ಕೋಟಿ, ಕೊರತೆ 58 ಲಕ್ಷ. ಪ್ರತಿ ಏಳು ದಾದಿಯರಲ್ಲಿ ಒಬ್ಬರು ಹುಟ್ಟಿದ ದೇಶವನ್ನು ಬಿಟ್ಟು ಬೇರೆಡೆ ದುಡಿಯುತ್ತಿದ್ದಾರೆ. ಅಧಿಕ ಆದಾಯದ ರಾಷ್ಟ್ರಗಳಲ್ಲಿ ಈ ಪ್ರಮಾಣ ಶೇಕಡ 23. ಆ ರಾಷ್ಟ್ರಗಳಿಗೆ ದಾದಿಯರನ್ನು ಒದಗಿಸುವುದರಲ್ಲಿ ಫಿಲಿಪ್ಪೀನ್ಸ್ ಮೊದಲ ಸ್ಥಾನದಲ್ಲಿದ್ದರೆ ಭಾರತ ಎರಡನೆಯ ಸ್ಥಾನದಲ್ಲಿದೆ.

ಹಾದಿ ತೆರೆದ ಬಗೆ

ಭಾರತದ ದಾದಿಯರ ವಲಸೆ ಇಂದು ನಿನ್ನೆಯದಲ್ಲ. 1960ರ ದಶಕದಲ್ಲಿ ಕೇರಳದ ಯುವತಿಯರು ಕ್ರೈಸ್ತ ಧಾರ್ಮಿಕ ಸಂಸ್ಥೆಗಳ ಮೂಲಕ ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಿಗೆ ತೆರಳಿದರು. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಸಡಿಲಿಸಿದ ಬಳಿಕ ಆ ಬಾಗಿಲೂ ತೆರೆಯಿತು. 1970ರ ದಶಕದಲ್ಲಿ ತೈಲದ ಬೆಲೆ ಏರಿದಾಗ ಕೊಲ್ಲಿ ರಾಷ್ಟ್ರಗಳು ಒಂದರ ಹಿಂದೊಂದು ಆಸ್ಪತ್ರೆಗಳನ್ನು ಕಟ್ಟಿದವು. ಅಲ್ಲಿ ದುಡಿಯಲು ಹೊರಗಿನ ದಾದಿಯರೇ ಬೇಕಾಯಿತು.

ಮೊದಲು ಹೋದವರು ತಂಗಿಯರನ್ನು, ಬಂಧುಗಳನ್ನು, ಸಹಪಾಠಿಗಳನ್ನು ಕರೆಸಿಕೊಂಡರು. ಯಾವ ಪರೀಕ್ಷೆ, ಯಾವ ಆಸ್ಪತ್ರೆ, ಎಷ್ಟು ವೇತನ ಎಂಬ ಮಾಹಿತಿ ಮನೆಮನೆಗೆ ತಲುಪಿತು. ಹೀಗೆ ಹಬ್ಬಿದ ನಂಬಿಕೆಯ ಜಾಲ ಯಾವ ಜಾಹೀರಾತಿಗಿಂತಲೂ ಬಲವಾದುದು.

ಈ ಸರಪಳಿಯಲ್ಲಿ ಕರ್ನಾಟಕಕ್ಕೆ ವಿಶಿಷ್ಟ ಸ್ಥಾನವಿದೆ. 1990 ಮತ್ತು 2000ರ ದಶಕಗಳಲ್ಲಿ ರಾಜ್ಯದಲ್ಲಿ ಖಾಸಗಿ ನರ್ಸಿಂಗ್ ಶಾಲಾ ಕಾಲೇಜುಗಳು ಅತಿ ವೇಗವಾಗಿ ಹೆಚ್ಚಿದವು. ಇವತ್ತಿಗೂ ನರ್ಸಿಂಗ್ ಶಿಕ್ಷಣ ಸಂಸ್ಥೆಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದ ಮುಂಚೂಣಿ ರಾಜ್ಯಗಳಲ್ಲಿ ಒಂದು. ಬೆಂಗಳೂರು, ಮಂಗಳೂರುಗಳ ಕಾಲೇಜುಗಳಲ್ಲಿ ಕೇರಳದಿಂದ ಬಂದ ವಿದ್ಯಾರ್ಥಿಗಳು ಗಣನೀಯ ಸಂಖ್ಯೆಯಲ್ಲಿದ್ದಾರೆ. ಅವರಲ್ಲಿ ಅನೇಕರ ಪಾಲಿಗೆ ಕರ್ನಾಟಕದ ಕಾಲೇಜು ಹಾಗೂ ಆಸ್ಪತ್ರೆ ಕೊನೆಯ ನಿಲ್ದಾಣವಲ್ಲ, ವಿದೇಶದ ದಾರಿಯಲ್ಲಿನ ಒಂದು ನಿಲುಗಡೆ ಮಾತ್ರ. ಶುಲ್ಕ ಕಟ್ಟುವ ದಿನವೇ ಕುಟುಂಬ ವಿದೇಶದ ಲೆಕ್ಕ ಹಾಕಿರುತ್ತದೆ ಎಂಬುದನ್ನು ಉದ್ಯೋಗದಾತರು ಮರೆಯುವಂತಿಲ್ಲ.

ಉಳಿತಾಯದ ಲೆಕ್ಕ

ವಲಸೆಗೆ ವೇತನವೇ ಕಾರಣವೆಂಬ ಮಾತು ನಿಜವಾದರೂ ಪೂರ್ಣ ನಿಜವಲ್ಲ. ಕುಟುಂಬಗಳು ಲೆಕ್ಕ ಹಾಕುವುದು ವೇತನವನ್ನಲ್ಲ, ಸಾಲದ ಕಂತು ಕಳೆದು ಉಳಿಯುವ ಹಣವನ್ನು. ವ್ಯಾಪಾರಿ ವಹಿವಾಟಿನ ಮೊತ್ತವನ್ನು ನೋಡದೆ ನಿವ್ವಳ ಲಾಭವನ್ನು ನೋಡುವಂತೆಯೇ ಇದು. ವಿಷಯ ಸ್ಪಷ್ಟವಾಗಲು ಒಂದು ಕಾಲ್ಪನಿಕ ಲೆಕ್ಕವನ್ನು ಗಮನಿಸಬಹುದು.

ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಶಿಕ್ಷಣಕ್ಕಾಗಿ ಒಬ್ಬಾಕೆ 4 ಲಕ್ಷ ರೂಪಾಯಿ ಸಾಲ ಪಡೆದಿದ್ದಾಳೆ ಎಂದು ಭಾವಿಸಬಹುದು. ಶೇಕಡ 10ರ ಬಡ್ಡಿಯಲ್ಲಿ ಏಳು ವರ್ಷಗಳ ಅವಧಿಗೆ ಮಾಸಿಕ ಕಂತು ಸುಮಾರು 6,640 ರೂಪಾಯಿ ಆಗುತ್ತದೆ. ತಿಂಗಳಿಗೆ 20,000 ರೂಪಾಯಿ ವೇತನವಿದ್ದರೆ ಭವಿಷ್ಯನಿಧಿಗೆ 1,800, ಇ.ಎಸ್.ಐ.ಗೆ 150 ರೂಪಾಯಿ ಕಡಿತವಾಗಿ ಕೈಗೆ 18,050 ಬರುತ್ತದೆ. ಕಂತು ಕಳೆದರೆ 11,410. ನಗರದಲ್ಲಿ ಹಂಚಿಕೊಂಡ ಕೊಠಡಿ, ಊಟ, ಬಸ್ಸು ಎಂದು 7,500 ತೆಗೆದಿಟ್ಟರೆ ಉಳಿಯುವುದು 3,910 ರೂಪಾಯಿ. ಮನೆಗೆ ಕಳುಹಿಸುವುದೂ ಮದುವೆಗೆ ಕೂಡಿಡುವುದೂ ಕಾಯಿಲೆ ಕಸಾಲೆಯ ಖರ್ಚೂ ಇದರಲ್ಲೇ ಆಗಬೇಕು.

ಇದೇ ಯುವತಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಗೆ ಸೇರಿದರೆ 2025-26ರ ಸಾಲಿನ ದರದಂತೆ ನೋಂದಾಯಿತ ದಾದಿಯ ಆರಂಭಿಕ ವಾರ್ಷಿಕ ವೇತನ 31,049 ಪೌಂಡ್. ತೆರಿಗೆ, ರಾಷ್ಟ್ರೀಯ ವಿಮೆ, ಪಿಂಚಣಿ ವಂತಿಗೆಗಳು ಕಳೆದು ತಿಂಗಳಿಗೆ ಅಂದಾಜು 1,980 ಪೌಂಡ್ ಕೈಗೆ ಬರುತ್ತದೆ. ಬಾಡಿಗೆ, ಊಟ, ಪ್ರಯಾಣಕ್ಕೆ 1,300 ಪೌಂಡ್ ಖರ್ಚು ಮಾಡಿದರೂ 680 ಪೌಂಡ್ ಉಳಿಯುತ್ತದೆ. ಪೌಂಡಿಗೆ 110 ರೂಪಾಯಿಯ ದರ ಹಿಡಿದರೂ ಅದು 74,800 ರೂಪಾಯಿ. ಊರಿನಲ್ಲಿ ಏಳು ವರ್ಷ ತೀರಿಸಬೇಕಾದ ಸಾಲದ ಅಸಲಿನಷ್ಟು ಹಣ ಅಲ್ಲಿ ಆರು ತಿಂಗಳೊಳಗೆ ಕೂಡುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿ ವೇತನ ಇದಕ್ಕಿಂತ ಕಡಿಮೆಯಿದ್ದರೂ ವೈಯಕ್ತಿಕ ಆದಾಯ ತೆರಿಗೆಯಿಲ್ಲ. ಅನೇಕ ಉದ್ಯೋಗದಾತರು ವಸತಿಯನ್ನೂ ಒದಗಿಸುತ್ತಾರೆ.

ಈ ಲೆಕ್ಕದಲ್ಲಿ ಹಿಡಿದ 20,000 ರೂಪಾಯಿಗೆ ಒಂದು ಹಿನ್ನೆಲೆಯಿದೆ. ಭಾರತೀಯ ತರಬೇತಿ ಪಡೆದ ದಾದಿಯರ ಸಂಘವು ಹೂಡಿದ್ದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2016ರ ಜನವರಿಯಲ್ಲಿ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ಸಮಿತಿಯೊಂದನ್ನು ರಚಿಸಿತು. 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿ ಕನಿಷ್ಠ 20,000 ರೂಪಾಯಿ ವೇತನವಿರಬೇಕೆಂದೂ 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದಲ್ಲಿ ರಾಜ್ಯ ಸರ್ಕಾರದ ದಾದಿಯರಿಗೆ ಸಮನಾದ ವೇತನ ನೀಡಬೇಕೆಂದೂ ಅದು ಶಿಫಾರಸು ಮಾಡಿತು. 50ರಿಂದ 100 ಹಾಸಿಗೆಗಳ ಆಸ್ಪತ್ರೆಗಳಲ್ಲಿ ವೇತನವು ಸರ್ಕಾರಿ ವೇತನಕ್ಕಿಂತ ಶೇಕಡ 25ಕ್ಕಿಂತ ಹೆಚ್ಚು ಕಡಿಮೆಯಿರಬಾರದು, 100ರಿಂದ 200 ಹಾಸಿಗೆಗಳಿದ್ದಲ್ಲಿ ಶೇಕಡ 10ಕ್ಕಿಂತ ಹೆಚ್ಚು ಕಡಿಮೆಯಿರಬಾರದು ಎಂದಿತು. ಕೇರಳದಲ್ಲಿ ದಾದಿಯರ ದೀರ್ಘ ಹೋರಾಟದ ಫಲವಾಗಿ 2018ರ ಏಪ್ರಿಲ್‌ನಲ್ಲಿ 20,000 ರೂಪಾಯಿಯ ಕನಿಷ್ಠ ವೇತನ ಅಧಿಸೂಚನೆ ಹೊರಬಿತ್ತು. ಆದರೆ ಇದು 2016ರಲ್ಲಿ ನಿಗದಿಯಾದ ಮೊತ್ತ. ಅಂದಿನಿಂದ ಅಕ್ಕಿ, ಬೇಳೆ, ಬಾಡಿಗೆಗಳು ನಿಂತಲ್ಲೇ ನಿಂತಿಲ್ಲ.

ವೇತನದಾಚೆಯ ಕಾರಣಗಳು

ಹಣದ ವ್ಯತ್ಯಾಸ ಇಷ್ಟಿದ್ದರೂ ಎಲ್ಲ ದಾದಿಯರೂ ಹೋಗುವುದಿಲ್ಲ. ಸರ್ಕಾರಿ ನೌಕರಿ ದೊರೆತವರಲ್ಲಿ ಅನೇಕರು ಊರಿನಲ್ಲೇ ಉಳಿಯುತ್ತಾರೆ. ಸರ್ಕಾರಿ ವೇತನ ವಿದೇಶದ ವೇತನಕ್ಕೆ ಸಮನಲ್ಲ. ಆದರೂ ಅವರು ಉಳಿಯುತ್ತಾರೆ ಎಂದಮೇಲೆ, ನಿರ್ಧಾರವನ್ನು ತೂಗುವ ಬೇರೆ ಅಂಶಗಳೂ ಇವೆ ಎಂದಾಯಿತು.

ಮೊದಲನೆಯದು ಕೆಲಸದ ಹೊರೆ. ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬ ದಾದಿ ಇರಬೇಕೆಂಬುದು ಸಾಮಾನ್ಯ ಮಾನದಂಡ. ಸಣ್ಣ ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬಳೇ ನೋಡಿಕೊಳ್ಳಬೇಕಾದ ಸಂದರ್ಭಗಳು ಅಪರೂಪವಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಒಬ್ಬ ದಾದಿಗೆ ಎಷ್ಟು ರೋಗಿಗಳಿರಬಹುದೆಂಬುದನ್ನು 2004ರಿಂದ ಕಾನೂನೇ ನಿಗದಿಪಡಿಸಿದೆ. ಹೊರೆ ಅತಿಯಾದಾಗ ತಪ್ಪಿನ ಭಯವೂ ಹೆಚ್ಚುತ್ತದೆ. ಔಷಧದ ಪ್ರಮಾಣದಲ್ಲಿ ಎಡವಟ್ಟಾದರೆ ಮೊದಲು ಹೊಣೆ ಹೊರುವವಳು ದಾದಿಯೇ.

ಎರಡನೆಯದು ವೃತ್ತಿಯ ಏಣಿ. ಬ್ರಿಟನ್ನಿನಂತಹ ದೇಶಗಳಲ್ಲಿ ದಾದಿಯರಿಗೆ ವೇತನ ಶ್ರೇಣಿಗಳು ಲಿಖಿತವಾಗಿವೆ. ಯಾವ ತರಬೇತಿ ಪಡೆದರೆ ಯಾವ ಶ್ರೇಣಿಗೆ ಏರಬಹುದೆಂಬುದು ಸೇರುವ ದಿನವೇ ತಿಳಿಯುತ್ತದೆ. ಇಲ್ಲಿನ ಸಣ್ಣ ಆಸ್ಪತ್ರೆಗಳಲ್ಲಿ ಹತ್ತು ವರ್ಷದ ಅನುಭವಿಗೂ ಹೊಸಬಳಿಗೂ ಇರುವ ವೇತನದ ಅಂತರ ಅಲ್ಪ.

ಮೂರನೆಯದು ಗೌರವ. ಇತರರ ಮಲಮೂತ್ರ ಮುಟ್ಟುವ ಕೆಲಸ, ರಾತ್ರಿ ಹೊರಗಿರುವ ಕೆಲಸ ಎಂಬ ತಾತ್ಸಾರ ನಮ್ಮ ಸಮಾಜದಲ್ಲಿ ಈ ವೃತ್ತಿಗೆ ಬಹುಕಾಲ ಅಂಟಿಕೊಂಡಿತ್ತು. ರೋಗಿಗಳ ಕಡೆಯವರ ಬೈಗುಳ, ವೈದ್ಯರ ಗದರಿಕೆಗಳನ್ನು ಸಹಿಸಿಕೊಳ್ಳಬೇಕಾದ ಸ್ಥಿತಿ ಇಂದಿಗೂ ಮುಗಿದಿಲ್ಲ. ವಿದೇಶದಲ್ಲಿ ಜನಾಂಗೀಯ ತಾರತಮ್ಯದ ಕಹಿ ಇಲ್ಲವೆಂದಲ್ಲ. ಆದರೆ ಅಲ್ಲಿಂದ ಹಣ ಕಳುಹಿಸಿ ತಮ್ಮನನ್ನು ಓದಿಸಿ, ತಂದೆಗೆ ಮನೆ ಕಟ್ಟಿಸಿಕೊಟ್ಟ ಮಗಳ ಮಾತಿಗೆ ಕುಟುಂಬದಲ್ಲಿ ಬರುವ ತೂಕವೇ ಬೇರೆ. ಒಂದು ಕಾಲದಲ್ಲಿ ಸಂಬಂಧ ಬೆಳೆಸಲು ಹಿಂಜರಿಯುತ್ತಿದ್ದ ಮನೆತನಗಳು ವಿದೇಶದಲ್ಲಿರುವ ದಾದಿಯನ್ನು ತಾವಾಗಿಯೇ ಕೇಳಿಕೊಂಡು ಬರುತ್ತವೆ.

ನಾಲ್ಕನೆಯದು ಮಕ್ಕಳ ಭವಿಷ್ಯ. ಕೊಲ್ಲಿಯಲ್ಲಿ ಸಾಮಾನ್ಯವಾಗಿ ಕಾಯಂ ನೆಲೆ ದೊರೆಯುವುದಿಲ್ಲ. ಆದ್ದರಿಂದ ಅನೇಕರು ಅಲ್ಲಿ ಕೆಲವು ವರ್ಷ ದುಡಿದು, ಇಂಗ್ಲಿಷ್ ಭಾಷಾ ಪರೀಕ್ಷೆ ಹಾಗೂ ವೃತ್ತಿ ಪರೀಕ್ಷೆಗಳನ್ನು ಪಾಸು ಮಾಡಿಕೊಂಡು, ಪತಿ ಮತ್ತು ಮಕ್ಕಳೊಡನೆ ನೆಲೆಸಬಹುದಾದ ದೇಶಗಳಿಗೆ ಎರಡನೆಯ ಬಾರಿ ವಲಸೆ ಹೋಗುತ್ತಾರೆ.

ಬಾಂಡ್ ತಡೆದೀತೇ?

ದಾದಿಯರನ್ನು ಉಳಿಸಿಕೊಳ್ಳಲು ಅನೇಕ ಆಸ್ಪತ್ರೆಗಳು ಹಿಡಿದ ಸುಲಭದ ದಾರಿ ಬಾಂಡ್. ಎರಡು ಅಥವಾ ಮೂರು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಹಣ ಕಟ್ಟಬೇಕು ಎಂಬ ಕರಾರು ಮಾಡಿಸಿಕೊಂಡು, ಜೊತೆಗೆ ಮೂಲ ಪ್ರಮಾಣಪತ್ರಗಳನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವ ಪದ್ಧತಿ ಹಲವೆಡೆ ಇತ್ತು. 2011ರ ಬಳಿಕ ಮುಂಬಯಿ, ದೆಹಲಿ, ಕೇರಳಗಳಲ್ಲಿ ನಡೆದ ದಾದಿಯರ ಮುಷ್ಕರಗಳಲ್ಲಿ ಈ ಪದ್ಧತಿಯ ವಿರೋಧವೂ ಪ್ರಮುಖ ವಿಷಯವಾಗಿತ್ತು.

ಕಾನೂನಿನ ದೃಷ್ಟಿಯಿಂದ ಇಲ್ಲಿ ಒಂದು ಸೂಕ್ಷ್ಮವಿದೆ. ಇದು ಎಲ್ಲ ಉದ್ಯಮಿಗಳಿಗೂ ಅನ್ವಯಿಸುವಂಥದು. ಸಾರ್ವಜನಿಕ ವಲಯದ ಬ್ಯಾಂಕೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ತೀರ್ಪು ನೀಡುತ್ತ, ಕನಿಷ್ಠ ಸೇವಾವಧಿಗೆ ಮುನ್ನ ರಾಜೀನಾಮೆ ನೀಡಿದವರು 2 ಲಕ್ಷ ರೂಪಾಯಿ ಪರಿಹಾರ ತೆರಬೇಕೆಂಬ ಕರಾರನ್ನು ಎತ್ತಿಹಿಡಿಯಿತು. ಸೇವೆಯಲ್ಲಿರುವ ಅವಧಿಗೆ ಸಂಬಂಧಿಸಿದ ಇಂಥ ಷರತ್ತು ಕರಾರು ಕಾಯಿದೆಯ 27ನೆಯ ಕಲಮಿನ ಅರ್ಥದಲ್ಲಿ ವೃತ್ತಿಗೆ ಅಡ್ಡಿಯಲ್ಲ ಎಂಬುದು ಅದರ ಸಾರ. ನೇಮಕಾತಿಯ ವೆಚ್ಚ, ಹುದ್ದೆಯ ವೇತನ, ಬ್ಯಾಂಕಿನ ಸಾರ್ವಜನಿಕ ಸ್ವರೂಪಗಳನ್ನು ನ್ಯಾಯಾಲಯ ಗಮನಕ್ಕೆ ತೆಗೆದುಕೊಂಡಿತ್ತು. ಆದ್ದರಿಂದ ಯಾವ ಮೊತ್ತವನ್ನಾದರೂ ಬರೆಸಿಕೊಳ್ಳಬಹುದೆಂದು ಇದನ್ನು ಅರ್ಥೈಸುವುದು ತಪ್ಪು. ಯಾವ ತರಬೇತಿಯನ್ನೂ ನೀಡದೆ, ಕೇವಲ ಬಿಟ್ಟು ಹೋಗದಂತೆ ಹೆದರಿಸಲು ಬರೆಸಿಕೊಂಡ ಭಾರಿ ದಂಡದ ಕರಾರು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಪ್ರಮಾಣಪತ್ರಗಳನ್ನು ಒತ್ತೆಯಿಡುವ ಪದ್ಧತಿಯಂತೂ ಸಮರ್ಥನೀಯವಲ್ಲ.

ಕಾನೂನಿಗಿಂತ ಮುಖ್ಯವಾದುದು ವ್ಯವಹಾರದ ಪ್ರಶ್ನೆ. ಬಾಂಡ್ ಒಬ್ಬಳನ್ನು ಹಿಡಿದಿಡಬಹುದು. ಆದರೆ ಆಕೆಯ ಮಾತು ಕೇಳಿದ ಹತ್ತು ಮಂದಿ ಆ ಆಸ್ಪತ್ರೆಯ ಬಾಗಿಲಿಗೇ ಬಾರದಿರಬಹುದು. ಊರಿನಿಂದ ಊರಿಗೆ ಹಬ್ಬುವ ಮಾಹಿತಿಯ ಜಾಲ ಆಸ್ಪತ್ರೆಯ ಪರವಾಗಿಯೂ ಕೆಲಸ ಮಾಡೀತು, ವಿರುದ್ಧವಾಗಿಯೂ ಮಾಡೀತು.

ಹೋದವರಿಗೂ ಅಪಾಯ

ವಲಸೆ ಎಂದರೆ ಲಾಭವೇ ಎಂದು ತಿಳಿಯಬೇಕಾಗಿಲ್ಲ. ಕುವೈತಿನ ನೌಕರಿಗಾಗಿ ಮಧ್ಯವರ್ತಿಗಳು ತಲಾ ಹಲವು ಲಕ್ಷ ರೂಪಾಯಿ ವಸೂಲು ಮಾಡಿದ ಹಗರಣ 2015ರಲ್ಲಿ ಕೇರಳದಲ್ಲಿ ಬೆಳಕಿಗೆ ಬಂದು ಕೇಂದ್ರ ತನಿಖಾ ದಳದವರೆಗೆ ಹೋಯಿತು. ಅದೇ ವರ್ಷದ ಏಪ್ರಿಲ್ 30ರಿಂದ ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ತೆರಳುವ ದಾದಿಯರಿಗೆ ವಲಸೆ ಅನುಮತಿಯನ್ನು ಕೇಂದ್ರ ಸರ್ಕಾರ ಕಡ್ಡಾಯಗೊಳಿಸಿತು. ಮೊದಲಿಗೆ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ನೇಮಕಾತಿಯ ಅವಕಾಶ ನೀಡಲಾಯಿತು. ಈಗ ನೋಂದಾಯಿತ ನೇಮಕಾತಿ ಏಜೆಂಟರು ಉದ್ಯೋಗಾಕಾಂಕ್ಷಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಗರಿಷ್ಠ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಮಾತ್ರ.

2014ರ ಜುಲೈನಲ್ಲಿ ಇರಾಕಿನ ತಿಕ್ರಿತ್ ನಗರದ ಆಸ್ಪತ್ರೆಯಲ್ಲಿ ಸಿಲುಕಿದ್ದ 46 ಭಾರತೀಯ ದಾದಿಯರು ಕೊಚ್ಚಿಗೆ ಸುರಕ್ಷಿತವಾಗಿ ಮರಳಿದ ಘಟನೆ ದೇಶದ ಗಮನ ಸೆಳೆಯಿತು. ಯುದ್ಧಭೂಮಿಗೆ ಅವರು ಹೋದದ್ದಾದರೂ ಏಕೆ ಎಂದು ಅನೇಕರು ಅಚ್ಚರಿಪಟ್ಟರು. ಉತ್ತರ ಶಿಕ್ಷಣ ಸಾಲದ ಪಾಸ್‌ಬುಕ್ಕಿನಲ್ಲಿತ್ತು. ಜೀವ ಉಳಿಸಿಕೊಂಡು ಬಂದವರಲ್ಲಿ ಹಲವರಿಗೆ ತೀರದ ಸಾಲವೇ ಮುಂದಿನ ಚಿಂತೆಯಾಯಿತು.

ರಫ್ತು ವ್ಯಾಪಾರಿಗಳಿಗೆ ಪರಿಚಿತವಾದ ಮತ್ತೊಂದು ಅಪಾಯವೂ ಇಲ್ಲಿದೆ: ಕೊಳ್ಳುವ ದೇಶದ ನಿಯಮ ರಾತ್ರೋರಾತ್ರಿ ಬದಲಾಗುವುದು. 2000ದ ದಶಕದ ಆರಂಭದಲ್ಲಿ ಸಾವಿರಾರು ದಾದಿಯರನ್ನು ಕರೆಸಿಕೊಂಡ ಬ್ರಿಟನ್ 2006ರಲ್ಲಿ ಆರಂಭಿಕ ಶ್ರೇಣಿಯ ದಾದಿಯರನ್ನು ಕೊರತೆಯ ಪಟ್ಟಿಯಿಂದ ಕೈಬಿಟ್ಟಿತು. ಕೋವಿಡ್ ನಂತರದ ವರ್ಷಗಳಲ್ಲಿ ಮತ್ತೆ ಬಾಗಿಲು ವಿಶಾಲವಾಗಿ ತೆರೆಯಿತು. 2024ರಿಂದೀಚೆಗೆ ನೇಮಕ ಗಣನೀಯವಾಗಿ ಕುಗ್ಗಿದೆ. ಕಾಯಂ ನೆಲೆಗೆ ಬೇಕಾದ ಐದು ವರ್ಷಗಳ ವಾಸವನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪವನ್ನೂ ಅಲ್ಲಿನ ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಮುಂದಿಟ್ಟಿತು. ಇತ್ತ ಜರ್ಮನಿ ಭಾಷೆ ಕಲಿತು ಬರುವವರನ್ನು ಸ್ವಾಗತಿಸುತ್ತಿದೆ. ಜರ್ಮನಿಯ ಸರ್ಕಾರಿ ಸಂಸ್ಥೆಗಳು ಕೇರಳದ ನೋರ್ಕಾ ರೂಟ್ಸ್ ಸಂಸ್ಥೆಯೊಡನೆ 2021ರ ಡಿಸೆಂಬರ್‌ನಲ್ಲಿ ಒಪ್ಪಂದ ಮಾಡಿಕೊಂಡು, ದಾದಿಯರಿಂದ ಶುಲ್ಕ ಪಡೆಯದೆ ನೇಮಿಸುವ ಯೋಜನೆ ಆರಂಭಿಸಿದವು. ಕರ್ನಾಟಕದಲ್ಲಿಯೂ ಕೌಶಲ್ಯಾಭಿವೃದ್ಧಿ ನಿಗಮದ ಅಧೀನದಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ.

ದೇಶಕ್ಕೆ ಲಾಭವೋ ನಷ್ಟವೋ

ಲಾಭದ ಅಂಕಣದಲ್ಲಿ ಮೊದಲು ಬರುವುದು ವಿದೇಶಿ ವಿನಿಮಯ. ವಿಶ್ವ ಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಭಾರತಕ್ಕೆ ಹೊರದೇಶಗಳಲ್ಲಿ ದುಡಿಯುವವರಿಂದ ಬಂದ ಹಣ ಸುಮಾರು 129 ಶತಕೋಟಿ ಡಾಲರ್. ಇದರಲ್ಲಿ ಎಲ್ಲ ವೃತ್ತಿಯವರ ಪಾಲೂ ಸೇರಿದೆ. ರಿಸರ್ವ್ ಬ್ಯಾಂಕಿನ 2023-24ರ ಸಮೀಕ್ಷೆಯಂತೆ ಈ ಹಣದಲ್ಲಿ ಕೇರಳದ ಪಾಲು ಶೇಕಡ 19.7, ಕರ್ನಾಟಕದ್ದು ಶೇಕಡ 7.7. ಮನೆ ಕಟ್ಟುವ ಸಾಮಗ್ರಿ, ಚಿನ್ನಾಭರಣ, ಪೀಠೋಪಕರಣ, ವಾಹನಗಳ ವ್ಯಾಪಾರಿಗಳಿಗೆ ಈ ಹಣದ ಹರಿವು ಚೆನ್ನಾಗಿಯೇ ತಿಳಿದಿದೆ.

ನಷ್ಟದ ಅಂಕಣವೂ ಖಾಲಿಯಿಲ್ಲ. ಪ್ರತಿ ಸಾವಿರ ಜನರಿಗೆ ಮೂವರು ದಾದಿಯರಿರಬೇಕೆಂಬ ಮಾನದಂಡವಿದ್ದರೆ, ಸರ್ಕಾರವೇ ಸಂಸತ್ತಿಗೆ ಹಿಂದೆ ನೀಡಿದ್ದ ಅಂಕಿಯಂತೆ ದೇಶದಲ್ಲಿದ್ದುದು 1.96. ಹೊಸಬರನ್ನು ಹೆಚ್ಚಿಸಲು ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್‌ನಲ್ಲಿ 1,570 ಕೋಟಿ ರೂಪಾಯಿ ವೆಚ್ಚದಲ್ಲಿ 157 ಸರ್ಕಾರಿ ನರ್ಸಿಂಗ್ ಕಾಲೇಜುಗಳಿಗೆ ಒಪ್ಪಿಗೆ ನೀಡಿತು. ಆದರೆ ವಲಸೆಯಿಂದಾಗುವ ಹಾನಿ ತಲೆ ಎಣಿಕೆಯಲ್ಲಿ ಕಾಣುವುದಿಲ್ಲ. ಹೋಗುವವರು ಹೆಚ್ಚಾಗಿ ಅನುಭವಿಗಳು. ಅವರ ಜಾಗಕ್ಕೆ ಬರುವವರು ಹೊಸಬರು. ತುರ್ತು ಸಂದರ್ಭದಲ್ಲಿ ರೋಗಿಯ ಪಕ್ಕದಲ್ಲಿ ನಿಂತವಳು ಹತ್ತು ವರ್ಷದ ಅನುಭವಿಯೇ ಹತ್ತು ವಾರದ ಅನುಭವಿಯೇ ಎಂಬುದು ಜೀವನ್ಮರಣದ ಪ್ರಶ್ನೆಯಾಗಬಲ್ಲದು. ಕಾರ್ಖಾನೆಯಲ್ಲಿ ಗಾಯಗೊಂಡು ಹತ್ತಿರದ ನರ್ಸಿಂಗ್ ಹೋಂಗೆ ಬರುವ ಕಾರ್ಮಿಕನಿಗೂ ಈ ಮಾತು ಅನ್ವಯಿಸುತ್ತದೆ.

ಸಣ್ಣ ಸಂಸ್ಥೆಗಳು ಮಾಡಬಹುದಾದುದು

ವಿದೇಶದ ವೇತನದೊಡನೆ ಜಿಲ್ಲಾ ಕೇಂದ್ರದ ಆಸ್ಪತ್ರೆ ಸ್ಪರ್ಧಿಸಲಾರದು. ಸ್ಪರ್ಧಿಸಬೇಕಾದ ಅಗತ್ಯವೂ ಇಲ್ಲ. ಎಲ್ಲರನ್ನೂ ತಡೆಯುವ ಹಟ ಬಿಟ್ಟು, ಎರಡು ವರ್ಷಕ್ಕೆ ಹೋಗುವವರು ನಾಲ್ಕು ವರ್ಷ ಇರುವಂತೆ ಮಾಡುವುದೇ ಸಾಧ್ಯವಾದ ಗುರಿ.

ಮೊದಲನೆಯದಾಗಿ, ನೇಮಕಾತಿ ಪತ್ರ, ಭವಿಷ್ಯನಿಧಿ, ಇ.ಎಸ್.ಐ., ವಾರದ ರಜೆಗಳು ಕ್ರಮಬದ್ಧವಾಗಿರಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕಡ್ಡಾಯ. ಎರಡನೆಯದಾಗಿ, ಪ್ರತಿ ವರ್ಷದ ಅನುಭವಕ್ಕೆ ಎಷ್ಟು ಏರಿಕೆ ಎಂಬ ಲಿಖಿತ ಶ್ರೇಣಿಯನ್ನು ಸೇರುವ ದಿನವೇ ತೋರಿಸಬೇಕು. ಮೂರನೆಯದಾಗಿ, ಆಸ್ಪತ್ರೆಯ ಸಮೀಪ ಸುರಕ್ಷಿತ ವಸತಿ ಒದಗಿಸಿದರೆ ಮೇಲಿನ ಲೆಕ್ಕದ 7,500 ರೂಪಾಯಿಯಲ್ಲಿ ದೊಡ್ಡ ಭಾಗ ಉಳಿಯುತ್ತದೆ. ವೇತನವನ್ನು ಅಷ್ಟೇ ಏರಿಸುವುದಕ್ಕಿಂತ ಇದು ಅಗ್ಗವಾಗಬಹುದು. ನಾಲ್ಕನೆಯದಾಗಿ, ದಂಡದ ಬಾಂಡಿನ ಬದಲು ಪ್ರೋತ್ಸಾಹದ ಕರಾರು ಮಾಡಿಕೊಳ್ಳಬಹುದು: ಒಂದು ವರ್ಷ ಪೂರೈಸಿದವರ ಶಿಕ್ಷಣ ಸಾಲದ ಕೆಲವು ಕಂತುಗಳನ್ನು ಸಂಸ್ಥೆಯೇ ಕಟ್ಟುವುದು. ಹೋಗುವವರ ಮೇಲೆ ದಂಡ ಹೇರುವುದಕ್ಕೂ ಇರುವವರ ಭಾರ ಇಳಿಸುವುದಕ್ಕೂ ಆಗುವ ಪರಿಣಾಮದಲ್ಲಿ ಬಹಳ ವ್ಯತ್ಯಾಸವಿದೆ. ಐದನೆಯದಾಗಿ, ಸ್ಥಳೀಯ ತಾಲ್ಲೂಕುಗಳ ವಿದ್ಯಾರ್ಥಿನಿಯರಿಗೆ ನೆರವು ನೀಡಿ ಓದಿಸಿದರೆ ಊರಿನಲ್ಲೇ ಉಳಿಯುವವರ ಸಂಖ್ಯೆ ಹೆಚ್ಚುವ ಸಂಭವವಿದೆ. ಒಂದೇ ಆಸ್ಪತ್ರೆಗೆ ಇದು ಭಾರವಾದರೆ ನಾಲ್ಕಾರು ಸಂಸ್ಥೆಗಳು ಕೂಡಿ ಮಾಡಬಹುದು.

ಕೊನೆಯದಾಗಿ, ಹೋಗುವವರನ್ನು ಸಂತೋಷದಿಂದ ಬೀಳ್ಕೊಡುವುದೂ ವ್ಯವಹಾರ ಜ್ಞಾನವೇ. ಕೊಲ್ಲಿಯಿಂದ ಮರಳುವವರೂ ಇದ್ದಾರೆ. ದೊಡ್ಡ ಆಸ್ಪತ್ರೆಗಳ ಶಿಸ್ತು, ಸೋಂಕು ನಿಯಂತ್ರಣದ ಕ್ರಮ, ದಾಖಲೆ ಇಡುವ ರೀತಿಗಳನ್ನು ಕಲಿತು ಬಂದ ಅವರು ಹೊಸಬರಿಗೆ ಉತ್ತಮ ಶಿಕ್ಷಕಿಯರಾಗಬಲ್ಲರು. ಪ್ರಮಾಣಪತ್ರಕ್ಕಾಗಿ ಅಲೆದಾಡಿಸಿದ ಸಂಸ್ಥೆಗೆ ಅವರು ಮರಳಿ ಬರುವುದಿಲ್ಲ.

ದಾದಿಯರ ವಲಸೆ ದೇಶಪ್ರೇಮದ ಕೊರತೆಯಲ್ಲ, ದುರಾಸೆಯೂ ಅಲ್ಲ. ಸಾಲ ಮಾಡಿ ಪಡೆದ ವಿದ್ಯೆಗೆ ಎಲ್ಲಿ ಬೆಲೆಯಿದೆ ಎಂದು ಹುಡುಕುವ ಕುಟುಂಬದ ಲೆಕ್ಕಾಚಾರ ಅದು. ಸರಕಿಗೆ ಒಳ್ಳೆಯ ಧಾರಣೆ ಸಿಗುವ ಪೇಟೆಯನ್ನು ಅರಸುವ ವ್ಯಾಪಾರಿಗೆ ಈ ಲೆಕ್ಕ ಅರ್ಥವಾಗದ ವಿಷಯವೇನಲ್ಲ. ಅದನ್ನು ತಮ್ಮ ಸಿಬ್ಬಂದಿಯ ಕಡೆಯಿಂದಲೂ ಒಮ್ಮೆ ಕೂಡಿ ಕಳೆದು ನೋಡುವ ಉದ್ಯಮಿ, ಆಸ್ಪತ್ರೆಯವರಿರಲಿ ಕಾರ್ಖಾನೆಯವರಿರಲಿ, ಮುಂದಿನ ರಾಜೀನಾಮೆ ಪತ್ರ ಬರುವ ಮುನ್ನವೇ ಅದರ ಕಾರಣವನ್ನು ಅರಿತಿರುತ್ತಾರೆ.